ಕಾರ್ಡಿಫ್‌ನಲ್ಲಿ ಸಿಕ್ಕಿದ ಬಾಹುಕ

2016ರ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳ ಆಗಲಿಲ್ಲ. ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಏನೋ ದೊಡ್ಡದೇ ನಡೆದಿದೆ ಅಂತ ಗೊತ್ತಾಗುತ್ತದೆ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಸೀತಾಂಗೋಳಿಯ ಹತ್ತಿರ ನಮ್ಮ ಮನೆ. ಮೇ ಬಂತೆಂದರೆ ಚಾಪೆಯ ತುಂಬ ಹಪ್ಪಳ, ಕಾಗೆ ಓಡಿಸಲು ಕೋಲು ಹಿಡಿದು ಕೂತ ಮಕ್ಕಳು. ಆ ವರ್ಷ ಮಾತ್ರ ಅಮ್ಮ ವೇಲ್ಸ್ ದೇಶದ ಕಾರ್ಡಿಫ್‌ನಲ್ಲಿದ್ದರು. ತಮ್ಮನಿಗೆ ಅಲ್ಲಿ ಕೆಲಸ. ನಾಲ್ಕು ವರ್ಷ ಕರೆದು ಕರೆದು ಸಾಕಾಗಿ ಕೊನೆಗೆ ಟಿಕೆಟ್ಟೇ ಕಳಿಸಿಬಿಟ್ಟ. ಅಮ್ಮ, ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗ, ಹೀಗೆ ನಾಲ್ಕು ಜನ ಹೊರಟೆವು. ಅಮ್ಮನ ಪೆಟ್ಟಿಗೆಯಲ್ಲಿ ಹಿಂದಿನ ವರ್ಷದ ಹಪ್ಪಳ ಎರಡು ಕಟ್ಟು ಇತ್ತು ಅನ್ನುವುದನ್ನೂ ಹೇಳಬೇಕು. ಇಲ್ಲದಿದ್ದರೆ ಅವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ಮಗನಿಗೆ ಕಾರ್ಡಿಫ್ ಅಂದರೆ ಚಿಕ್ಕಪ್ಪನ ಮನೆಯಲ್ಲ, ಡಾಕ್ಟರ್ ಹೂ. ಅದಕ್ಕೆ ಕಾರಣ ಈ ಚಿಕ್ಕಪ್ಪನೇ. ಊರಿಗೆ ಬಂದಾಗಲೆಲ್ಲ ಒಂದೊಂದು ಡಿವಿಡಿ ತಂದು ಕೊಟ್ಟು ಹುಡುಗನಿಗೆ ಹುಚ್ಚು ಹಿಡಿಸಿದ್ದ. ನಮ್ಮ ಚಾವಡಿಯಲ್ಲಿ ಸಂಜೆ ಭಜನೆಯ ಹೊತ್ತಿಗೆ ಒಂದು ನೀಲಿ ಪೆಟ್ಟಿಗೆ ಗರಗರ ಶಬ್ದ ಮಾಡುತ್ತಾ ಮಾಯವಾಗುತ್ತಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬಿಬಿಸಿಯ ಧಾರಾವಾಹಿ. ಮೊದಲ ಕಂತು ಬಂದದ್ದು 1963ರ ನವೆಂಬರ್ 23ರ ಶನಿವಾರ. ಹಿಂದಿನ ದಿನವಷ್ಟೇ ಅಮೆರಿಕದಲ್ಲಿ ಕೆನಡಿಯ ಕೊಲೆಯಾಗಿತ್ತು. ಜನ ಆ ಸುದ್ದಿಯಲ್ಲೇ ಮುಳುಗಿದ್ದರಿಂದ ಮುಂದಿನ ವಾರ ಅದೇ ಕಂತನ್ನು ಮತ್ತೊಮ್ಮೆ ತೋರಿಸಬೇಕಾಯಿತು. ಆ ಕಂತನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದವರು. ಕಥಾನಾಯಕನಿಗೆ ಸರಿಯಾದ ಹೆಸರಿಲ್ಲ, ಬರೀ ‘ಡಾಕ್ಟರ್’. ಬೇರೆ ಗ್ರಹದವನು. ಹಳೆ ಕಾಲದ ಬ್ರಿಟಿಷ್ ಪೊಲೀಸ್ ಫೋನ್ ಪೆಟ್ಟಿಗೆಯ ಹಾಗೆ ಕಾಣುವ ಒಂದು ಯಂತ್ರದಲ್ಲಿ ಕಾಲವನ್ನೂ ಆಕಾಶವನ್ನೂ ಸುತ್ತುತ್ತಾನೆ. ಹೊರಗಿನಿಂದ ನೋಡಿದರೆ ಇಬ್ಬರು ನಿಲ್ಲುವಷ್ಟು ಜಾಗ. ಒಳಗೆ ಹೋದರೆ ದೊಡ್ಡ ಹಾಲ್. 1989ರಲ್ಲಿ ಧಾರಾವಾಹಿ ನಿಂತುಹೋಯಿತು. 2005ರಲ್ಲಿ ಮತ್ತೆ ಶುರುವಾದಾಗ ಅದನ್ನು ತಯಾರಿಸಿದ್ದು ಬಿಬಿಸಿಯ ವೇಲ್ಸ್ ಶಾಖೆ, ಕಾರ್ಡಿಫ್‌ನಲ್ಲಿ. ಹಾಗಾಗಿ ಅದರ ಸೆಟ್ಟು, ವೇಷಗಳ ಪ್ರದರ್ಶನವೂ 2012ರಲ್ಲಿ ಲಂಡನ್‌ನಿಂದ ಅಲ್ಲಿಗೇ ಬಂತು, ಸಮುದ್ರದ ಬದಿಗೆ, ಸ್ಟುಡಿಯೋದ ಹತ್ತಿರವೇ.

ಆ ಜಾಗಕ್ಕೆ ಹೋಗುವ ದಾರಿಯಲ್ಲಿ ನಾನು ನೋಡಿದ್ದು ಮಾತ್ರ ಬೇರೆಯೇ. ಬೋರ್ಡುಗಳು. ಎಲ್ಲ ಕಡೆ ಎರಡು ಭಾಷೆ, ವೆಲ್ಷ್ ಮತ್ತು ಇಂಗ್ಲಿಷ್. ರಸ್ತೆಯ ಮೇಲೆ ‘ನಿಧಾನ’ ಅಂತ ಬರೆಯುವಲ್ಲೂ ‘ಅರಾಫ್’ ಅಂತ ವೆಲ್ಷ್‌ನಲ್ಲಿ ಬರೆದಿದ್ದರು. ಕಾಸರಗೋಡಿನವನಿಗೆ ಇಂಥದ್ದು ಕಣ್ಣಿಗೆ ಬೀಳದೆ ಇರುತ್ತದೆಯೇ? ನಮಗೆ ಬಸ್ಸಿನ ಬೋರ್ಡಿನಿಂದ ಹಿಡಿದು ಆಫೀಸಿನ ಅರ್ಜಿಯವರೆಗೆ ಕನ್ನಡ ಉಂಟಾ ಇಲ್ವಾ ಅಂತ ಹುಡುಕುವುದು ಹುಟ್ಟು ಅಭ್ಯಾಸ. ತಮ್ಮ ಒಂದು ವಿಷಯ ಹೇಳಿದ. ವೆಲ್ಷ್ ಭಾಷೆಗೆ ಎಸ್ ಫೋರ್ ಸಿ ಅಂತ ಒಂದು ಟಿವಿ ಚಾನೆಲ್ ಉಂಟು. ಅದನ್ನು ಕೊಡುತ್ತೇವೆ ಅಂತ ಮಾತು ಕೊಟ್ಟ ಸರ್ಕಾರ ಮಾತು ತಪ್ಪಿತು. 1980ರಲ್ಲಿ ಗ್ವಿನ್‌ಫರ್ ಇವಾನ್ಸ್ ಎಂಬ ರಾಜಕಾರಣಿ, ಚಾನೆಲ್ ಕೊಡದಿದ್ದರೆ ಸಾಯುವವರೆಗೆ ಉಪವಾಸ ಮಾಡುತ್ತೇನೆ ಅಂದರು. ಸರ್ಕಾರ ಬಗ್ಗಿತು. ಚಾನೆಲ್ ಶುರುವಾದ ದಿನ 1982ರ ನವೆಂಬರ್ 1.

ನವೆಂಬರ್ 1! ನನಗೆ ನಗು ಬಂತು. ನಮಗೂ ಆ ದಿನ ಇದ್ದದ್ದೇ. ತಲಪಾಡಿಯ ಆಚೆ ರಾಜ್ಯೋತ್ಸವ, ಈಚೆ ಕೇರಳ ಪಿರವಿ. 1956ರಿಂದ ಎರಡೂ ಪಾಯಸದ ಪರಿಮಳ ನಮಗೆ ಗೊತ್ತು. ಇರಲಿ, ಈ ಮಾತು ಶುರು ಮಾಡಿದರೆ ಪ್ರದರ್ಶನಕ್ಕೆ ತಲುಪುವುದಿಲ್ಲ.

ಅಲ್ಲಿ ಮೊದಲ ಭಾಗ ಸುಮ್ನೆ ನೋಡುವುದಲ್ಲ, ಆಟದ ಹಾಗೆ. ನಾವೂ ಕಥೆಯೊಳಗೆ ಸೇರಬೇಕು. ಕುತ್ತಿಗೆಗೆ ಹಾಕಿಕೊಳ್ಳಲು ಒಂದೊಂದು ಹರಳು ಕೊಟ್ಟರು. ಒಂದಷ್ಟು ಜನರನ್ನು ಒಟ್ಟಿಗೆ ಒಳಗೆ ಬಿಟ್ಟರು. ಪರದೆಯ ಮೇಲೆ ಆಗಿನ ಡಾಕ್ಟರ್, ಪೀಟರ್ ಕಪಾಲ್ಡಿ, ಹುಬ್ಬು ಗಂಟಿಕ್ಕಿಕೊಂಡು ಬಂದು ನಮಗೆಲ್ಲ ಕೆಲಸ ಹಚ್ಚಿದರು. ಒಂದು ಕೋಣೆಯಿಂದ ಇನ್ನೊಂದು ಕೋಣೆ, ಎಲ್ಲ ಕತ್ತಲೆ, ಹೊಗೆ, ನೆಲ ನಡುಗುವ ಸದ್ದು. ನನಗೆ ಅಷ್ಟೇನೂ ಹಿಡಿಸಲಿಲ್ಲ. ಹಿಂದಿನಿಂದ ಯಾರೋ ಓಡಿಸಿದ ಹಾಗೆ ಗಡಿಬಿಡಿ. ಇದನ್ನೇ ‘ಇಂಟರಾಕ್ಟಿವ್’ ಅಂತ ಇಷ್ಟು ದೊಡ್ಡದು ಮಾಡುತ್ತಾರಾ ಅಂತ ಅನಿಸಿತು.

ಅಮ್ಮನ ಮುಖ ನೋಡಿದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಹೆದರಿರಬಹುದು ಅಂದುಕೊಂಡಿದ್ದೆ. ಅವರು ಮೊಮ್ಮಗನ ಕೈ ಹಿಡಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರಿಗಿಂತ ಮುಂದೆ ನಿಂತಿದ್ದರು. ಡಾಕ್ಟರ್‌ನ ಹಳೆಯ ವೈರಿಗಳು, ಡಾಲೆಕ್ ಅನ್ನುವ ಯಂತ್ರದಂಥ ರಾಕ್ಷಸರು ಕಿರುಚುತ್ತಾ ಬಂದಾಗ ಅಕ್ಕಪಕ್ಕದ ಬಿಳಿ ಮಕ್ಕಳು ಅಪ್ಪಂದಿರ ಕಾಲು ಹಿಡಿದುಕೊಂಡರು. ಅಮ್ಮ ಮಾತ್ರ ಕುತ್ತಿಗೆ ಉದ್ದ ಮಾಡಿ ನೋಡಿದರು.

"ಮಹಿಷಾಸುರ ಬರುವಾಗಲೂ ಹೀಗೇ ಅಲ್ವಾ," ಅಂದರು.

ಹೌದಲ್ಲ! ದೇವಿ ಮಹಾತ್ಮೆಯ ಯಕ್ಷಗಾನ ಆಟದಲ್ಲಿ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ನಡುರಾತ್ರಿ ಕಳೆದ ಮೇಲೆ ಪ್ರೇಕ್ಷಕರ ನಡುವಿನಿಂದ, ದೊಂದಿ ಹಿಡಿದವರ ಜೊತೆ, ರಾಳದ ಬೆಂಕಿ ಭುಗ್ ಅನ್ನಿಸುತ್ತಾ, ಕೋಡು ಅಲ್ಲಾಡಿಸುತ್ತಾ ಬರುತ್ತಾನೆ. ಚಾಪೆ ಹಾಸಿ ಮಲಗಿದ ಮಕ್ಕಳನ್ನು ಅಪ್ಪಂದಿರು ಆ ಹೊತ್ತಿಗೆ ಎಬ್ಬಿಸುತ್ತಾರೆ. ಎದ್ದು ನೋಡಿದರೆ ಎರಡು ಮಾರು ದೂರದಲ್ಲಿ ರಾಕ್ಷಸ. ನಮ್ಮೂರ ಗದ್ದೆಯಲ್ಲಿ ಇಂಥದ್ದು ಅಜ್ಜನ ಕಾಲದಿಂದ ಉಂಟು. ಟಿಕೆಟ್ಟಿಲ್ಲ, ಹರಳೂ ಇಲ್ಲ.

ಮುಂದಿನ ಕೋಣೆಯಲ್ಲಿ ಕಲ್ಲಿನ ದೇವತೆಗಳು. 2007ರಲ್ಲಿ ಮೊದಲು ಬಂದ ಈ ಭೂತಗಳ ಉಪಾಯ ತುಂಬ ಸರಳ, ಅದಕ್ಕೇ ಭಯಂಕರ. ನೀವು ನೋಡುತ್ತಿರುವಷ್ಟು ಹೊತ್ತು ಅವು ಕಲ್ಲು. ರೆಪ್ಪೆ ಮುಚ್ಚಿದಿರೋ, ಹತ್ತಿರ ಬಂದಿರುತ್ತವೆ. ಮಗ ಅಜ್ಜಿಗೆ ಪಿಸುಗುಟ್ಟಿದ, "ಅಜ್ಜೀ, ಕಣ್ಣು ಮುಚ್ಚಬೇಡಿ, ಕಣ್ಣು ಮುಚ್ಚಬೇಡಿ!" ಅಮ್ಮ ಪಾಪ ಕಣ್ಣಲ್ಲಿ ನೀರು ಬರುವವರೆಗೂ ಬಿಟ್ಟುಕೊಂಡೇ ನಿಂತರು. ಹೊರಗೆ ಬಂದ ಮೇಲೆ ಕಣ್ಣೊರೆಸಿಕೊಂಡು ಹೇಳಿದರು:

"ಇವರು ತಿರುಗಿಸಿ ಹೇಳಿದ್ದಾರೆ. ರೆಪ್ಪೆ ಬಡಿಯದೆ ಇರುವುದು ದೇವತೆಗಳು. ಮನುಷ್ಯರು ಬಡಿಯಲೇಬೇಕು. ಸ್ವಯಂವರದಲ್ಲಿ ಐದು ಜನ ನಳ ಕೂತಿದ್ದಾಗ ದಮಯಂತಿ ಅಸಲಿ ನಳನನ್ನು ಗುರುತು ಹಿಡಿದದ್ದು ಹಾಗೇ ಅಲ್ವಾ? ನಾಲ್ಕು ಜನ ರೆಪ್ಪೆ ಬಡಿಯಲಿಲ್ಲ, ಬೆವರಲಿಲ್ಲ, ಕಾಲು ನೆಲಕ್ಕೆ ತಾಗಲಿಲ್ಲ. ಬೆವರಿದವನಿಗೆ ಮಾಲೆ ಹಾಕಿದಳು."

ಮಗನಿಗೆ ಕಥೆ ಬೇಕಾಯಿತು. ಅಲ್ಲಿಂದ ಮುಂದೆ ನಮ್ಮ ಜೊತೆ ನಳನೂ ಬಂದ.

ಎರಡನೆಯ ಭಾಗ ನಿಧಾನವಾಗಿ ನೋಡುವಂಥದ್ದು. ನನಗೆ ಹಿಡಿಸಿದ್ದು ಅದು. ಹಳೆಯ ಧಾರಾವಾಹಿಯ ಸೆಟ್ಟುಗಳು, ಬೇರೆ ಬೇರೆ ಕಾಲದ ರಾಕ್ಷಸರು, ನಾಯಿಯ ಆಕಾರದ ರೋಬೋ. ಡಾಲೆಕ್‌ಗಳು ಹತ್ತಿರದಿಂದ ನೋಡಿದರೆ ಮರ, ಪ್ಲಾಸ್ಟಿಕ್ಕು, ಗುಂಡುಗಳು. ಒಳಗೆ ಒಬ್ಬ ಮನುಷ್ಯ ಕೂತು ಕಾಲಲ್ಲಿ ತಳ್ಳಿಕೊಂಡು ಹೋಗುವುದು ಅಂತ ತಮ್ಮ ವಿವರಿಸಿದ. "ತಟ್ಟಿರಾಯ," ಅಂದರು ಅಮ್ಮ. ಜಾತ್ರೆಯ ಬಿದಿರಿನ ಗೊಂಬೆಯೊಳಗೆ ಹೊಕ್ಕು ಕುಣಿಯುವವನ ಬೆವರು ಅವರಿಗೆ ಗೊತ್ತು. ಡಾಲೆಕ್‌ನ ರೂಪ ಕೊಟ್ಟವರು ರೇಮಂಡ್ ಕ್ಯೂಸಿಕ್, ಬಿಬಿಸಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಕಲಾವಿದ. ನೀಲಿ ಪೆಟ್ಟಿಗೆಯ ಗರಗರ ಸದ್ದು ಮಾಡಿದ ಬ್ರಯನ್ ಹಾಡ್ಜ್‌ಸನ್ ತಮ್ಮ ಅಮ್ಮನ ಮನೆಯ ಬೀಗದ ಕೈಯನ್ನು ಹಳೆ ಪಿಯಾನೋದ ತಂತಿಯ ಮೇಲೆ ಉಜ್ಜಿದ್ದರಂತೆ. ಶೀರ್ಷಿಕೆ ಸಂಗೀತವನ್ನು ಬರೆದದ್ದು ರಾನ್ ಗ್ರೇನರ್. ಆದರೆ ಅದನ್ನು ನಮ್ಮ ಕಿವಿಗೆ ಬೀಳುವ ಹಾಗೆ ಮಾಡಿದ್ದು ಡೀಲಿಯಾ ಡರ್ಬಿಶೈರ್ ಎಂಬ ಹೆಣ್ಣುಮಗಳು. ಆಗ ಸಿಂಥಸೈಜರ್ ಇಲ್ಲ. ಒಂದೊಂದು ಸ್ವರವನ್ನೂ ಟೇಪಿನ ಮೇಲೆ ಹಿಡಿದು, ಕತ್ತರಿಸಿ, ಅಂಟಿಸಿ ಮಾಡಿದ್ದು. ಹಲಸಿನ ಸೊಳೆ ಬಿಡಿಸಿದ ಹಾಗೆ ಕೆಲಸ, ಗಡಿಬಿಡಿ ಮಾಡುವಂತಿಲ್ಲ.

ರಾಕ್ಷಸರ ಹಾಗೆ ನಡೆಯಲು ಕಲಿಸುವ ಒಂದು ಮೂಲೆಯೂ ಇತ್ತು. ಪರದೆಯಲ್ಲಿ ಹೇಳಿಕೊಡುತ್ತಾರೆ, ನಾವು ಮಾಡಬೇಕು. ನನ್ನ ಹೆಂಡತಿ ಸೈಬರ್‌ಮ್ಯಾನ್ ಹಾಗೆ ನಡೆದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಆಕೆ ಹಾಗೆ ನಡೆದದ್ದು ಅದೇ ಮೊದಲು, ಕೊನೆ ಅಂತ ಹೇಳುವ ಧೈರ್ಯ ಇಲ್ಲ.

ಆಮೇಲೆ ಬಂತು ಡಾಕ್ಟರುಗಳ ಸಾಲು. ಗಾಜಿನ ಹಿಂದೆ ಗೊಂಬೆಗಳಿಗೆ ತೊಡಿಸಿದ ಬಟ್ಟೆಗಳು. ಕಪ್ಪು ಕೋಟು, ಉದ್ದ ಬಣ್ಣದ ಮಫ್ಲರು, ಕಣ್ಣು ಕುಕ್ಕುವ ತೇಪೆ ಕೋಟು, ಬೋ ಟೈ. ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಇದರ ಚರ್ಚೆ ನಡೆದಿತ್ತು. ನನಗೆ ಈ ಧಾರಾವಾಹಿಯಲ್ಲಿ ಒಪ್ಪಿಗೆಯಾಗದ ವಿಷಯ ಇದೊಂದೇ. ನಾಯಕ ಸಾಯುವ ಹಂತಕ್ಕೆ ಬಂದಾಗ ಮೈಯಿಂದ ಬೆಳಕು ಹೊರಟು ಬೇರೆಯೇ ಮುಖದ ಮನುಷ್ಯ ಆಗಿಬಿಡುತ್ತಾನೆ. ನಟ ಬಿಟ್ಟುಹೋದ, ಇನ್ನೊಬ್ಬನನ್ನು ತಂದರು, ಅದಕ್ಕೊಂದು ಕಥೆ ಕಟ್ಟಿದರು ಅಂತ ನಾನು ವಾದ ಮಾಡುತ್ತಿದ್ದೆ. ಅದು ಸುಳ್ಳೂ ಅಲ್ಲ. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್ನೆಲ್‌ಗೆ ಆರೋಗ್ಯ ಕೆಟ್ಟಿತ್ತು. 1966ರ ಅಕ್ಟೋಬರ್ 29ರ ಕಂತಿನ ಕೊನೆಯಲ್ಲಿ ಅವರು ನೆಲಕ್ಕೆ ಒರಗಿದರು, ಮುಖ ಮಸುಕಾಯಿತು, ಮತ್ತೆ ಕಂಡಾಗ ಅಲ್ಲಿ ಪ್ಯಾಟ್ರಿಕ್ ಟ್ರೌಟನ್ ಇದ್ದರು.

ಮಗ ಅಜ್ಜಿಗೆ ಪಾಠ ಮಾಡುತ್ತಿದ್ದ. ಇವರೆಲ್ಲ ಬೇರೆ ಬೇರೆ ಜನ ಅಲ್ಲ ಅಜ್ಜಿ, ಒಬ್ಬರೇ.

"ಅದರಲ್ಲಿ ಎಂತ ಉಂಟು ಪುಳ್ಳೀ, ಬಾಹುಕ ಅಲ್ವಾ," ಅಂದರು ಅಮ್ಮ.

ನಾನು ನಿಂತುಬಿಟ್ಟೆ. ಕಾಡ್ಗಿಚ್ಚಿನಲ್ಲಿ ಸಿಕ್ಕಿಬಿದ್ದ ಕಾರ್ಕೋಟಕನನ್ನು ನಳ ಎತ್ತಿ ಉಳಿಸುತ್ತಾನೆ. ಆ ಹಾವು ಅವನನ್ನೇ ಕಚ್ಚುತ್ತದೆ. ಚೆಲುವ ನಳ ಕುರೂಪಿ ಬಾಹುಕ ಆಗುತ್ತಾನೆ. ಆಟದಲ್ಲಿ ಆ ಹೊತ್ತಿಗೆ ನಳನ ವೇಷದವರು ಒಳಗೆ ಹೋದರೆ ಬಾಹುಕನಾಗಿ ಬರುವವರು ಬೇರೆಯೇ ಕಲಾವಿದರು. ಮೈಕಟ್ಟು ಬೇರೆ, ಸ್ವರ ಬೇರೆ, ಮಾತಿನ ಧಾಟಿ ಬೇರೆ. ಗದ್ದೆಯಲ್ಲಿ ಕೂತ ಒಬ್ಬನೂ ಎದ್ದು, ಮೊದಲಿನ ನಟ ಎಲ್ಲಿ ಅಂತ ಕೇಳುವುದಿಲ್ಲ. ಕೃಷ್ಣನ ಕಥೆಯಲ್ಲೂ ಹಾಗೇ, ಬಾಲಕೃಷ್ಣ ಒಬ್ಬರು, ಕಂಸನನ್ನು ಕೊಲ್ಲುವ ಹೊತ್ತಿಗೆ ಇನ್ನೊಬ್ಬರು. ಇದನ್ನೆಲ್ಲ ನೋಡಿಕೊಂಡೇ ಬೆಳೆದ ನನಗೆ ಟಿವಿಯ ಮುಂದೆ ಯಾಕೆ ಹೊಳೆಯಲಿಲ್ಲ? ನಾನು ಆ ಧಾರಾವಾಹಿಯ ಬಗ್ಗೆ ಓದಿದ್ದು ಜಾಸ್ತಿ. ಅಮ್ಮ ಅದನ್ನು ನೋಡಿದ್ದರು, ಅಷ್ಟೇ.

"ಆದರೆ ಅವನೇ ಅಂತ ಗುರುತು ಹಿಡಿಯುವುದು ಹೇಗೆ?" ಅಂತ ಅಮ್ಮ ಕೇಳಿದರು.

"ಎರಡು ಹೃದಯ ಉಂಟು ಅವರಿಗೆ," ಅಂದ ಮಗ. ಡಾಕ್ಟರ್‌ಗೆ ಎದೆಯ ಎರಡೂ ಕಡೆ ಬಡಿತ.

"ದಮಯಂತಿ ಅಡುಗೆ ತಿಂದು ಹಿಡಿದಳು. ಬಾಹುಕ ಮಾಡಿದ ಅಡುಗೆ ತರಿಸಿ ಬಾಯಿಗಿಟ್ಟದ್ದೇ, ಇದು ನಳನ ಕೈರುಚಿ ಅಂತ ಗೊತ್ತಾಯಿತು." ಅಮ್ಮ ತುಸು ಹೊತ್ತು ಆ ಉದ್ದ ಮಫ್ಲರನ್ನು ನೋಡಿದರು. "ಎದೆಗೆ ಕಿವಿ ಇಡುವುದಕ್ಕಿಂತ ಅದೇ ಸುಲಭ."

ಮರುವರ್ಷ ಡಾಕ್ಟರ್ ಹೆಣ್ಣಾಗುತ್ತಾರೆ, ಜೋಡಿ ವಿಟ್ಟೇಕರ್ ಬರುತ್ತಾರೆ ಅಂತ ಸುದ್ದಿಯಾದಾಗ ಎಷ್ಟೋ ಅಭಿಮಾನಿಗಳು ಹಾರಾಡಿದರಂತೆ. ಅಮ್ಮನಿಗೆ ಹೇಳಿದೆ. ಮೀಸೆ ಬೋಳಿಸಿಕೊಂಡ ಗಂಡಸರು ದಮಯಂತಿಯಾಗಿ ಅಳಿಸಿದ್ದನ್ನು ಜೀವಮಾನವಿಡೀ ನೋಡಿದವರು ಅವರು. "ಮಾತು ಹೇಗುಂಟು?" ಅಂತ ಮಾತ್ರ ಕೇಳಿದರು.

ಅದೇ ಸಾಲಿನ ಮುಂದೆ, ಮೊದಲ ಡಾಕ್ಟರ್‌ನ ಬಟ್ಟೆಯ ಹತ್ತಿರ ತಮ್ಮ ಹೇಳಿದ ಸಂಗತಿ ನನಗೆ ಮೊದಲು ಅಷ್ಟಾಗಿ ಗೊತ್ತಿರಲಿಲ್ಲ. ಆ ಮುಖ ಬದಲಾಗುವ 1966ರ ಕಂತು ಈಗ ಇಲ್ಲ. ಅರವತ್ತು, ಎಪ್ಪತ್ತರ ದಶಕದಲ್ಲಿ ವಿಡಿಯೋ ಟೇಪು ದುಬಾರಿ. ಒಮ್ಮೆ ತೋರಿಸಿದ್ದನ್ನು ಮತ್ತೆ ಯಾರು ನೋಡುತ್ತಾರೆ ಅಂತ ಬಿಬಿಸಿಯವರು ಅಳಿಸಿ ಅಳಿಸಿ ಬಳಸಿದರು. ಮೊದಲ ಆರು ವರ್ಷದ 253 ಕಂತುಗಳಲ್ಲಿ, ನಾವು ಹೋದ ಹೊತ್ತಿಗೆ, 97 ಕಾಣೆ. ಕೆಲವು ಹೊರದೇಶಕ್ಕೆ ಮಾರಿದ ಪ್ರತಿಗಳಿಂದ ವಾಪಸ್ ಬಂದಿದ್ದವು. ನಾಲ್ಕು ಕಂತು ಹಾಂಗ್‌ಕಾಂಗ್‌ನಿಂದ ಬಂತು. 2013ರಲ್ಲಿ ಒಂಬತ್ತು ಕಂತು ನೈಜೀರಿಯದಲ್ಲಿ ಸಿಕ್ಕಿತು. ಆ 1966ರ ಕಂತಿನಲ್ಲಿ ಮುಖ ಬದಲಾಗುವ ಕೆಲವು ಸೆಕೆಂಡು ಮಾತ್ರ ಉಳಿದಿದೆ. ಅದೂ ಮಕ್ಕಳ ಇನ್ನೊಂದು ಕಾರ್ಯಕ್ರಮದಲ್ಲಿ ಆ ತುಣುಕನ್ನು ಬಳಸಿದ್ದರಿಂದ.

"ಆದರೆ ಸ್ವರ ಎಲ್ಲದರದ್ದೂ ಉಂಟು," ಅಂದ ತಮ್ಮ. "ಮನೆಮನೆಯಲ್ಲಿ ಅಭಿಮಾನಿಗಳು ಟಿವಿಯ ಎದುರು ಮೈಕ್ ಇಟ್ಟು ಟೇಪು ಮಾಡಿಕೊಂಡಿದ್ದರು. ಅಪ್ಪನ ಹಾಗೆ."

ಅಪ್ಪನ ಹಾಗೆ. ತಮ್ಮ ನಗುತ್ತಾ ಹೇಳಿದ್ದು. ನಾನು ಮಫ್ಲರಿನ ಕಡೆ ತಿರುಗಿಕೊಂಡೆ.

ಅಪ್ಪನಿಗೆ ತಾಳಮದ್ದಳೆಯ ಹುಚ್ಚು, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಪದ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ. ಸೋದರಮಾವ ದುಬೈಯಿಂದ ತಂದ ಟೂ ಇನ್ ಒನ್ ಒಂದು ಮನೆಯಲ್ಲಿತ್ತು. ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ಸೈಕಲ್ಲಿನಲ್ಲಿ, ಎಲ್ಲೆಲ್ಲಿ ಕೂಟ ಇದೆಯೋ ಅಲ್ಲಿಗೆ ಹೋಗುತ್ತಿದ್ದರು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ನಮ್ಮದು, ಕೂಟಗಳಿಗೇನೂ ಬರ ಇರಲಿಲ್ಲ. 90 ನಿಮಿಷದ ಕ್ಯಾಸೆಟ್, ಒಂದು ಬದಿಗೆ 45. ಅಪ್ಪ ವಾಚು ನೋಡಿಕೊಂಡು ಕೂತಿದ್ದು, ಪಾತ್ರದ ಅರ್ಥ ಹೇಳುವ ಅರ್ಥಧಾರಿ ಮಾತು ಮುಗಿಸಿ ಭಾಗವತರು ಪದ ಎತ್ತಿದ ಕ್ಷಣಕ್ಕೆ ಸರಿಯಾಗಿ ಕ್ಯಾಸೆಟ್ ತಿರುಗಿಸುತ್ತಿದ್ದರು. ಪದ ಎರಡು ಸಾಲು ಹೋದರೂ ಪರವಾಗಿಲ್ಲ, ಅರ್ಥ ಹೋಗಬಾರದು. ಮನೆಗೆ ಬಂದು ಪ್ರಸಂಗ, ಊರು, ತಾರೀಖು ಬರೆದು, ಆಮೇಲೆ ಚಾಕುವಿನ ತುದಿಯಿಂದ ಕ್ಯಾಸೆಟ್ಟಿನ ಬೆನ್ನಿನ ಎರಡು ಸಣ್ಣ ಪ್ಲಾಸ್ಟಿಕ್ ಎಸಳು ಮುರಿಯುತ್ತಿದ್ದರು. ಅದನ್ನು ಮುರಿದರೆ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಆ ಕಾಲದವರಿಗೆಲ್ಲ ಇದು ಗೊತ್ತು.

ಮತ್ತೆ ರೆಕಾರ್ಡ್ ಮಾಡಲೇಬೇಕಾದರೆ ಆ ತೂತಿಗೆ ಏನಾದರೂ ಅಂಟಿಸಿದರಾಯಿತು ಅಂತಲೂ ಆ ಕಾಲದವರಿಗೆ ಗೊತ್ತು. 1991ರಲ್ಲಿ ನನಗೆ ಹದಿನಾಲ್ಕು. ರೇಡಿಯೋದಲ್ಲಿ ಬರುವ ಸಿನಿಮಾ ಹಾಡು ಹಿಡಿದಿಟ್ಟುಕೊಳ್ಳಬೇಕಿತ್ತು. ಖಾಲಿ ಕ್ಯಾಸೆಟ್ಟಿಗೆ ದುಡ್ಡಿಲ್ಲ. ‘ನಳ ಚರಿತ್ರೆ – 3’ ಅಂತ ಬರೆದ ಕ್ಯಾಸೆಟ್ಟಿನ ಎರಡನೇ ಬದಿಗೆ, ಗಾಯಕ್ಕೆ ಹಾಕುವ ಪ್ಲಾಸ್ಟರಿನ ತುಂಡು ಅಂಟಿಸಿ ಗುಂಡಿ ಒತ್ತಿದೆ. ಕೈತಪ್ಪಿ ಆದದ್ದಲ್ಲ. ಅಪ್ಪ ಯಾವತ್ತೂ ಕೇಳಲಿಲ್ಲ. ನಾನೂ ಹೇಳಲಿಲ್ಲ. 2009ರಲ್ಲಿ ಅವರು ಹೋದರು.

ಕಾರ್ಡಿಫ್‌ನಲ್ಲಿ ನಾನು ಬಿಬಿಸಿಯವರನ್ನು ಬೈಯಲಿಲ್ಲ. ಪಕ್ಕದಲ್ಲಿ ಒಬ್ಬ ಅಜ್ಜ ತನ್ನ ಮೊಮ್ಮಗಳಿಗೆ ಅದೇ ವಿಷಯ ಹೇಳುತ್ತಾ ತಲೆ ಚಚ್ಚಿಕೊಳ್ಳುತ್ತಿದ್ದ. ನಾನು ಅಂಗಡಿಯ ಕಡೆ ಹೋದೆ. ಅಲ್ಲಿಯ ರೇಟು ನೋಡಿ ಇನ್ನಷ್ಟು ಸುಮ್ಮನಾದೆ. ಮಗನಿಗೆ ಅಂಗೈಯಷ್ಟು ದೊಡ್ಡ ಡಾಲೆಕ್ ಒಂದು ತೆಗೆದುಕೊಟ್ಟದ್ದು, ಅದು ಈಗಲೂ ನಮ್ಮ ಶೋಕೇಸಿನಲ್ಲಿ ಗಣಪತಿಯ ಪಕ್ಕ ಇದೆ. ಆ ಪ್ರದರ್ಶನ ಮಾತ್ರ ಈಗ ಇಲ್ಲ, 2017ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು.

ಕಳೆದ ಮೇಯಲ್ಲಿ ಮಗ ರಜೆಗೆ ಬಂದವನು ಅಟ್ಟದಿಂದ ಅಪ್ಪನ ಟ್ರಂಕು ಇಳಿಸಿದ. ನಮ್ಮ ಮಳೆಗಾಲಕ್ಕೆ ಕ್ಯಾಸೆಟ್ ಬದುಕುವುದು ಕಷ್ಟ. ಹೆಚ್ಚಿನವು ಬೂಸ್ಟು ಹಿಡಿದು ಬಿಳಿಯಾಗಿದ್ದವು. ಮಂಗಳೂರಿನಲ್ಲಿ ಒಬ್ಬರು ಟೂ ಇನ್ ಒನ್ನಿನ ಬೆಲ್ಟು ಬದಲಾಯಿಸಿ ಕೊಟ್ಟರು. ಮಗ ಒಂದೊಂದಾಗಿ ಹಾಕಿ ಕೇಳಿಸುತ್ತಿದ್ದ. ಅಮ್ಮ ಅಂಗಳದ ಕರೆಯಲ್ಲಿ ಕೂತು ಹಪ್ಪಳ ತಟ್ಟುತ್ತಿದ್ದರು. ‘ನಳ ಚರಿತ್ರೆ – 3’ ಅವನ ಕೈಗೆ ಬಂದಾಗ ನಾನು ಏಳೋಣ ಅಂದುಕೊಂಡೆ, ಏಳಲಿಲ್ಲ.

ಮೊದಲ ಬದಿಯಲ್ಲಿ ನಳ. ಕಾರ್ಕೋಟಕ ಕಚ್ಚಿದ. ಪದ ಎತ್ತಿದರು, ಖಟ್ ಅಂತ ನಿಂತಿತು. ಅಪ್ಪನ ಲೆಕ್ಕ ತಪ್ಪಿರಲಿಲ್ಲ. ಮಗ ತಿರುಗಿಸಿ ಹಾಕಿದ. ಸಿನಿಮಾ ಹಾಡು. ಅದು ಮುಗಿದು ಇನ್ನೊಂದು. ಅವನು ಕ್ಯಾಸೆಟ್ ಹೊರಗೆ ತೆಗೆದು ಬೆನ್ನು ನೋಡಿದ, ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟರ್ ನೋಡಿದ, ನನ್ನನ್ನು ನೋಡಿದ. ಮೂವತ್ತು ವರ್ಷ ಕಳೆದ ಮೇಲೆ ಹೇಳಿದೆ. ಅಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ.

ಯಾರೂ ಏನೂ ಅನ್ನಲಿಲ್ಲ. ಮಗ ಕ್ಯಾಸೆಟ್ ಮತ್ತೆ ಹಾಕಿ ಹಾಡುಗಳನ್ನು ಓಡಿಸಿಕೊಂಡು ಹೋದ. ಕೊನೆಯ ಹಾಡು ಅರ್ಧಕ್ಕೆ ನಿಂತಿತು. ಆವತ್ತು ಕರೆಂಟು ಹೋಗಿರಬೇಕು. ಒಂದು ಟಕ್ ಸದ್ದು. ಆಮೇಲೆ, ಮಾತಿನ ನಡುವಿನಿಂದಲೇ, ಬಾಹುಕ. ದಮಯಂತಿಯ ಸಖಿ ಊರು ಯಾವುದು ಅಂತ ಕೇಳುತ್ತಾಳೆ, ಅವನು ತಪ್ಪಿಸಿ ತಪ್ಪಿಸಿ ಉತ್ತರ ಕೊಡುತ್ತಾನೆ. ಎರಡು ನಿಮಿಷವೂ ಇರಲಿಲ್ಲ. ಹಿಂದೆ ಯಾರೋ ಕೆಮ್ಮಿದರು, ಒಂದು ಮಗು ಅತ್ತಿತು, ಟೇಪು ಮುಗಿಯಿತು.

ಅಮ್ಮ ಹಪ್ಪಳ ತಟ್ಟುವ ಮಣೆ ಪಕ್ಕಕ್ಕಿಟ್ಟು ಕಿವಿಗೊಟ್ಟಿದ್ದರು.

"ಆ ಬಾಹುಕ ಅಷ್ಟೇನೂ ಚೆನ್ನಾಗಿರಲಿಲ್ಲ ಮಾರಾಯ," ಅಂದರು. "ನಿನ್ನಪ್ಪ ಟೇಪು ತಿರುಗಿಸಿ ಹಾಕಿ ಕಂಬಕ್ಕೆ ಒರಗಿದವರು, ಮಂಗಳಕ್ಕೆ ನಾನೇ ಎಬ್ಬಿಸಿದ್ದು."

ಆಮೇಲೆ ಮಗನಿಗೆ ಕಾಗೆಯ ಕಡೆ ಕೈ ತೋರಿಸಿದರು.